ಒಂದನೇ ನಂಬರಿನ ಖಾತೆ ಪುಸ್ತಕ

ಕಳೆದ ಆಷಾಢದ ಒಂದು ಸಂಜೆ. ಕೃಷ್ಣಗಿರಿಯ ನನ್ನ ಪಾತ್ರೆ ಅಂಗಡಿಯಲ್ಲಿ ವ್ಯಾಪಾರ ಮಂದವಾಗಿದ್ದುದರಿಂದ ಬೇಗನೆ ಬಾಗಿಲು ಹಾಕಿ, ಬಸ್ಸು ಹತ್ತಿ, ಹೊಸೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆಯೇ ಮನೆಯಲ್ಲಿ ಏನೋ ಸರಿಯಿಲ್ಲವೆಂದು ತಿಳಿಯಿತು. ಹದಿಮೂರು ವರ್ಷದ ಮೊಮ್ಮಗಳು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಬಡಿಸಿಟ್ಟ ಊಟ ಹಾಗೆಯೇ ಆರಿಹೋಗಿತ್ತು. ಅಳಿಯಂದಿರು ಮುಖ ಗಂಟು ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು.

ವಿಷಯ ಇಷ್ಟು. ಈ ಹುಡುಗಿ ಎಂಟನೇ ವಯಸ್ಸಿನಿಂದ ಟೆನಿಸ್ ಆಡುತ್ತಿದ್ದಾಳೆ. ಹದಿನಾಲ್ಕು ವರ್ಷದೊಳಗಿನ ಬಾಲಕಿಯರ ಪಟ್ಟಿಯಲ್ಲಿ ನಲವತ್ತರ ಆಸುಪಾಸಿನಲ್ಲಿದ್ದ ಅವಳ ಹೆಸರು ಆ ದಿನ ಎಪ್ಪತ್ತರಾಚೆಗೆ ಜಾರಿತ್ತು. ಪಕ್ಕದಲ್ಲಿ ಕುಳಿತು ತಲೆ ಸವರಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು: "ತಾತ, ನಾನು ಯಾರ ಮೇಲೂ ಸೋತಿಲ್ಲ. ಜ್ವರ ಬಂದು ಆಡೋದಕ್ಕೇ ಹೋಗಲಿಲ್ಲ. ಹಾಗಿದ್ದೂ ಯಾಕೆ ಕೆಳಗೆ ಹೋದೆ?"

ನಾನು ಮೆಟ್ರಿಕ್ ಪಾಸಾದವನು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕೀರ್ದಿ, ಖಾತೆ ಬರೆದವನು. ಯಾವ ಲೆಕ್ಕಕ್ಕೂ ಹೆದರಿದವನಲ್ಲ. ಆದರೆ ಆ ಮಗುವಿನ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾಲ್ಕು ತಿಂಗಳು ಪತ್ರಿಕೆಗಳ ಕ್ರೀಡಾಪುಟ ಓದಿ, ಟಿ.ವಿ. ನೋಡಿ, ಮಗಳ ಹತ್ತಿರ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಟೆನಿಸ್ ಗೊತ್ತಿಲ್ಲದವರೂ ಓದಬಹುದು. ಏಕೆಂದರೆ ಇದು ಚೆಂಡಿನ ವಿಷಯಕ್ಕಿಂತ ಹೆಚ್ಚಾಗಿ ಲೆಕ್ಕದ ವಿಷಯ. ಮಕ್ಕಳಿರುವ ಮನೆಗಳಲ್ಲೆಲ್ಲ ಈ ಲೆಕ್ಕ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಲೇ ಇರುತ್ತದೆ.

ಅಳಿಸಿಹೋಗುವ ಜಮಾ

ಜಗತ್ತಿನ ವೃತ್ತಿಪರ ಮಹಿಳಾ ಟೆನಿಸ್ ಆಟಗಾರ್ತಿಯರ ಸಂಘವನ್ನು 1973ರಲ್ಲಿ ಬಿಲ್ಲಿ ಜೀನ್ ಕಿಂಗ್ ಎಂಬ ಅಮೆರಿಕದ ಆಟಗಾರ್ತಿ ಮುಂದೆ ನಿಂತು ಕಟ್ಟಿದರು. ಯಾರು ಒಂದನೆಯವರು, ಯಾರು ಎರಡನೆಯವರು ಎಂದು ಕಂಪ್ಯೂಟರ್ ಲೆಕ್ಕದಿಂದ ಹೇಳುವ ಪದ್ಧತಿ ಬಂದದ್ದು 1975ರ ನವೆಂಬರ್ 3ರಂದು. ಆ ಮೊದಲ ಪಟ್ಟಿಯ ತಲೆಯಲ್ಲಿದ್ದವರು ಕ್ರಿಸ್ ಎವರ್ಟ್. ಅಲ್ಲಿಂದ 2025ರ ಕೊನೆಯವರೆಗೆ, ಐವತ್ತು ವರ್ಷಗಳಲ್ಲಿ, ಸಿಂಗಲ್ಸ್ ವಿಭಾಗದ ಒಂದನೇ ಸ್ಥಾನದಲ್ಲಿ ಕುಳಿತವರು ಒಟ್ಟು 29 ಮಂದಿ ಮಾತ್ರ. ಎಲ್ಲರಿಗಿಂತ ಹೆಚ್ಚು ಕಾಲ ಕುಳಿತವರು ಜರ್ಮನಿಯ ಸ್ಟೆಫಿ ಗ್ರಾಫ್, 377 ವಾರ. ಅವರ ನಂತರ ಮಾರ್ಟಿನಾ ನವ್ರಾಟಿಲೋವಾ 332 ವಾರ, ಸೆರೆನಾ ವಿಲಿಯಮ್ಸ್ 319 ವಾರ.

ವಾರದ ಲೆಕ್ಕವೇಕೆ? ಅಲ್ಲಿಯೇ ಇದರ ಗುಟ್ಟಿದೆ. ನಮ್ಮ ಅಂಗಡಿಯ ಪುಸ್ತಕದಲ್ಲಿ ಒಮ್ಮೆ ಜಮಾ ಆದದ್ದು ಜಮಾ. ಹತ್ತು ವರ್ಷ ಕಳೆದರೂ ಆ ಬರಹ ಅಳಿಯುವುದಿಲ್ಲ. ಟೆನಿಸ್ಸಿನ ಖಾತೆ ಹಾಗಲ್ಲ. ಅಲ್ಲಿ ಜಮಾ ಆದ ಪ್ರತಿಯೊಂದು ಅಂಕಕ್ಕೂ 52 ವಾರಗಳ ಆಯುಸ್ಸು. ವರ್ಷ ತುಂಬಿದ ಕೂಡಲೇ ಅದು ತಾನಾಗಿ ಅಳಿಸಿಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ವಿಂಬಲ್ಡನ್‌ನಂತಹ ಗ್ರ್ಯಾಂಡ್ ಸ್ಲಾಮ್ ಪಂದ್ಯಾವಳಿ ಗೆದ್ದವಳಿಗೆ 2000 ಅಂಕ. ಫೈನಲ್‌ನಲ್ಲಿ ಸೋತವಳಿಗೆ 1300. ಈ ವರ್ಷ ಗೆದ್ದು 2000 ಜಮಾ ಮಾಡಿಕೊಂಡವಳು ಮುಂದಿನ ವರ್ಷ ಮತ್ತೆ ಗೆದ್ದರೆ, ಹಳೆಯ 2000 ಹೋಗಿ ಹೊಸ 2000 ಬಂದು, ಇದ್ದಲ್ಲಿಯೇ ನಿಲ್ಲುತ್ತಾಳೆ. ಫೈನಲ್‌ವರೆಗೆ ಬಂದು ಸೋತಳೆನ್ನಿ. ಲೋಕವೆಲ್ಲ "ಭೇಷ್" ಎನ್ನುತ್ತದೆ, ಪುಸ್ತಕದಲ್ಲಿ ಮಾತ್ರ 700 ಅಂಕ ನಷ್ಟ. ಕಾಲುನೋವೆಂದು ಮನೆಯಲ್ಲಿಯೇ ಉಳಿದರೆ ಪೂರ್ತಿ 2000 ಹೋಯಿತು. ಕುಳಿತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಹೇಳುತ್ತಿದ್ದ ಗಾದೆಯನ್ನು ಯಾರೋ ಕಂಪ್ಯೂಟರಿಗೆ ಕಲಿಸಿಬಿಟ್ಟಂತಿದೆ!

ಹಾಗೆಂದು ಸಿಕ್ಕಸಿಕ್ಕಲ್ಲೆಲ್ಲ ಆಡಿ ಅಂಕ ಗುಡ್ಡೆ ಹಾಕುವಂತೆಯೂ ಇಲ್ಲ. ವರ್ಷದಲ್ಲಿ ಹೆಚ್ಚು ಅಂಕ ತಂದ ಸುಮಾರು 18 ಪಂದ್ಯಾವಳಿಗಳನ್ನಷ್ಟೇ ಕೂಡುತ್ತಾರೆ. ಆದ್ದರಿಂದ ಒಂದನೇ ಸ್ಥಾನ ಎಂಬುದು ಸ್ವಂತ ಮನೆಯಲ್ಲ, ಬಾಡಿಗೆ ಮನೆ. ತಿಂಗಳ ಬಾಡಿಗೆಯೂ ಅಲ್ಲ, ವಾರದ ಬಾಡಿಗೆ.

ನನ್ನ ಮೊಮ್ಮಗಳಿಗೆ ಆದದ್ದೂ ಇದೇ. ಹಿಂದಿನ ವರ್ಷ ಅದೇ ಹೊತ್ತಿನಲ್ಲಿ ಅವಳು ಒಂದು ಪಂದ್ಯಾವಳಿಯಲ್ಲಿ ಚೆನ್ನಾಗಿ ಆಡಿದ್ದಳು. ವರ್ಷ ತುಂಬಿ ಆ ಅಂಕಗಳು ಅಳಿಸಿದವು. ಜ್ವರದಿಂದಾಗಿ ಹೊಸದು ಬರೆಯಲಿಲ್ಲ. ಯಾರೂ ಅವಳನ್ನು ಸೋಲಿಸಿರಲಿಲ್ಲ, ಕ್ಯಾಲೆಂಡರಿನ ಹಾಳೆ ತಿರುಗಿತ್ತು, ಅಷ್ಟೆ.

ಕಬ್ಬನ್ ಪಾರ್ಕಿನಲ್ಲಿ ಒಂದು ದಿನ

ಇಷ್ಟು ದೊಡ್ಡ ಪೈಪೋಟಿಯ ಒಂದು ತುಣುಕನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದರೆ ಓದುಗರು ನಂಬಬೇಕು. 2006ರಿಂದ 2008ರವರೆಗೆ ಮೂರು ವರ್ಷ ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಅಂಗಳದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. 2008ರ ಮಾರ್ಚ್‌ನಲ್ಲಿ ಅಮೆರಿಕದ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಎಂಬ ಅಕ್ಕತಂಗಿಯರು ಬಂದಿದ್ದರು. ಆಗ ನನ್ನ ಮಗಳು ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಳು. ನಾನು ಚಿಕ್ಕಪೇಟೆಯ ಸುತ್ತ ಸಗಟು ಖರೀದಿಗೆ ಹೋಗಿದ್ದೆ. "ಅಪ್ಪಾ, ಇನ್ನೊಮ್ಮೆ ಇಂಥ ಅವಕಾಶ ಬರೋದಿಲ್ಲ" ಎಂದು ಹಠ ಹಿಡಿದು ಕರೆದುಕೊಂಡು ಹೋದಳು. ಟಿಕೆಟ್ಟಿನ ದುಡ್ಡಿಗೆ ಎರಡು ಹಿತ್ತಾಳೆ ಕೊಳಗ ಬರುತ್ತಿತ್ತಲ್ಲ ಎಂದು ಮನಸ್ಸು ಚುರುಕ್ ಎಂದರೂ ಹೋದೆ.

ಆ ದಿನ ಸೆಮಿಫೈನಲ್. ಎದುರು ಬದುರಾದವರು ಅದೇ ಅಕ್ಕತಂಗಿಯರು. ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ನನಗೆ ತೋಚಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲವೆ? ಇಬ್ಬರಿಗೂ ತಟ್ಟಿದೆ. ಮೂರು ಸೆಟ್‌ಗಳ ಹಣಾಹಣಿಯಲ್ಲಿ ಟೈಬ್ರೇಕರ್‌ವರೆಗೆ ಹೋಗಿ ತಂಗಿ ಸೆರೆನಾ ಗೆದ್ದರು. ಮರುದಿನದ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು ಸೋಲಿಸಿ ಪ್ರಶಸ್ತಿಯನ್ನೂ ಪಡೆದರು.

ಅದರ ಹಿನ್ನೆಲೆ ನನಗೆ ತಿಳಿದದ್ದು ಈಗ. 2002ರ ಫೆಬ್ರವರಿಯಲ್ಲಿ ಮೊದಲು ಒಂದನೇ ಸ್ಥಾನಕ್ಕೆ ಏರಿದವರು ಅಕ್ಕ ವೀನಸ್. ಅದೇ ವರ್ಷ ಜುಲೈನಲ್ಲಿ ವಿಂಬಲ್ಡನ್ ಫೈನಲ್‌ನಲ್ಲಿ ಅಕ್ಕನನ್ನೇ ಸೋಲಿಸಿ ಆ ಸ್ಥಾನಕ್ಕೆ ಬಂದವರು ತಂಗಿ. ಅದಕ್ಕೂ ಒಂದು ತಿಂಗಳ ಹಿಂದೆ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಫೈನಲ್‌ನಲ್ಲಿಯೂ ಅಕ್ಕ ಸೋತು ತಂಗಿ ಗೆದ್ದಿದ್ದರು. ತಂಗಿ ಬಹುಮಾನ ಹಿಡಿದು ನಿಂತಾಗ, ಆಗತಾನೆ ಸೋತಿದ್ದ ಅಕ್ಕ ಒಂದು ಕ್ಯಾಮೆರಾ ತೆಗೆದುಕೊಂಡು ಪತ್ರಿಕಾ ಛಾಯಾಗ್ರಾಹಕರ ನಡುವೆ ನಿಂತು ತಂಗಿಯ ಫೋಟೋ ತೆಗೆದರಂತೆ. ಆಸ್ತಿ ಪಾಲಿನ ಸಮಯದಲ್ಲಿ ಅಣ್ಣತಮ್ಮಂದಿರು ಮುಖ ನೋಡದಂತಾಗುವುದನ್ನು ಕಂಡಿರುವ ನಮಗೆ ಇದು ಸಣ್ಣ ಮಾತಲ್ಲ.

2006ರಲ್ಲಿ ಗಾಯ, ಮನೆಯ ದುಃಖ ಇವುಗಳಿಂದ ಸೆರೆನಾ ಅವರ ಸ್ಥಾನ 140ರ ಹತ್ತಿರಕ್ಕೆ ಕುಸಿದಿತ್ತು. ಮತ್ತೆ ಒಂದೊಂದೇ ಮೆಟ್ಟಿಲು ಹತ್ತಿ, 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್ ಗೆದ್ದು, ಐದು ವರ್ಷಗಳ ನಂತರ ಪುನಃ ಒಂದನೆಯವರಾದರು. ಆ ದಿನ ಅವರ ಖಾತೆಯಲ್ಲಿ ಕೂಡಿದ ಅಂಕಗಳಲ್ಲಿ ನಮ್ಮ ಕಬ್ಬನ್ ಪಾರ್ಕಿನ ಅಂಕಗಳೂ ಇದ್ದವು. ಎರಡು ಕೊಳಗದ ದುಡ್ಡು ವ್ಯರ್ಥವಾಗಲಿಲ್ಲವೆಂದು ಈಗ ಅನ್ನಿಸುತ್ತದೆ.

ಹೈದರಾಬಾದಿನ ಹುಡುಗಿ

ನಮ್ಮ ದೇಶದ ಹೆಣ್ಣುಮಗಳೊಬ್ಬಳು ಆ ಮಟ್ಟಕ್ಕೆ ಏರಿದ್ದಾಳೆಯೇ ಎಂದು ಕೇಳಿದರೆ, ಹೌದು. ಸಾನಿಯಾ ಮಿರ್ಜಾ. ಹೊಸೂರು, ಕೃಷ್ಣಗಿರಿ ಕಡೆ ನಮ್ಮ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮಾತು ಓಡಾಡುತ್ತವೆ. ಪಕ್ಕದ ಅಂಗಡಿಯ ತೆಲುಗರ ಮಿತ್ರರೊಬ್ಬರು "ನಮ್ಮ ಹೈದರಾಬಾದಿನ ಹುಡುಗಿ" ಎಂದು ಹೇಳಿಕೊಂಡು ತಿರುಗಿದರು. ಸಾನಿಯಾ 2006ರಲ್ಲಿ ಬೆಂಗಳೂರಿನಲ್ಲಿಯೇ ಲೀಜೆಲ್ ಹ್ಯೂಬರ್ ಜೊತೆ ಡಬಲ್ಸ್ ಪ್ರಶಸ್ತಿ ಗೆದ್ದಿದ್ದಾರೆ, ಆದ್ದರಿಂದ ನಮಗೂ ಸ್ವಲ್ಪ ಪಾಲು ಕೊಡಿ ಎಂದು ನಾನು ಅವರೊಡನೆ ಚೌಕಾಸಿ ಮಾಡುವುದುಂಟು.

ಸಿಂಗಲ್ಸ್‌ನಲ್ಲಿ ಸಾನಿಯಾ ಏರಿದ ಅತ್ಯುನ್ನತ ಸ್ಥಾನ 27. ಅದು 2007ರಲ್ಲಿ. ಆಮೇಲೆ ಮಣಿಕಟ್ಟಿನ ಗಾಯ, ಶಸ್ತ್ರಚಿಕಿತ್ಸೆ. ದೇಹ ಒಪ್ಪದೆಂದು ತಿಳಿದಾಗ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ನಿಂತರು. ಒಂದು ವ್ಯಾಪಾರ ಕೈಹತ್ತದಿದ್ದರೆ ಅಂಗಡಿಯನ್ನೇ ಮುಚ್ಚದೆ, ತನಗೆ ಒಗ್ಗುವ ಸರಕಿಗೆ ತಿರುಗಿಕೊಳ್ಳುವುದು ಜಾಣತನ. ಡಬಲ್ಸ್‌ನಲ್ಲಿಯೂ ಪ್ರತಿಯೊಬ್ಬರಿಗೆ ಬೇರೆ ಬೇರೆ ಖಾತೆ ಇರುತ್ತದೆ. ಜೊತೆಯಾಗಿ ಗೆದ್ದರೂ ಅಂಕ ಅವರವರ ಪುಟಕ್ಕೆ.

2015ರ ಮಾರ್ಚ್‌ನಲ್ಲಿ ಸಾನಿಯಾ, ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆ ಸೇರಿದರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರು ಪಂದ್ಯಾವಳಿಗಳನ್ನು ಸಾಲಾಗಿ ಗೆದ್ದರು. 2015ರ ಏಪ್ರಿಲ್ 13ರಂದು ಸಾನಿಯಾ ಮಿರ್ಜಾ ಡಬಲ್ಸ್‌ನಲ್ಲಿ ಜಗತ್ತಿನ ಒಂದನೆಯವರಾದರು. ಭಾರತದ ಮಹಿಳೆಗೆ ಆ ಗೌರವ ಅದೇ ಮೊದಲು. ಅದೇ ವರ್ಷ ಈ ಜೋಡಿ ವಿಂಬಲ್ಡನ್, ಅಮೆರಿಕನ್ ಓಪನ್, ಮರುವರ್ಷದ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು. ಸತತ 41 ಪಂದ್ಯ ಸೋಲಲಿಲ್ಲ.

ಅವರು ಆ ಸ್ಥಾನ ಬಿಟ್ಟ ರೀತಿ ಮಾತ್ರ ಬಹಳ ವಿಚಿತ್ರವಾದದ್ದು. 91 ವಾರಗಳಾದ ಮೇಲೆ, 2017ರ ಜನವರಿಯಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಅಮೆರಿಕದ ಬೆಥನಿ ಮಾಟೆಕ್ ಸ್ಯಾಂಡ್ಸ್ ಜೊತೆ ಆಡಿ ಸಾನಿಯಾ ಪ್ರಶಸ್ತಿ ಗೆದ್ದರು. ಗೆದ್ದೇ ಒಂದನೇ ಸ್ಥಾನ ಕಳೆದುಕೊಂಡರು! ಕಾರಣ ಈಗ ಓದುಗರಿಗೆ ಹೊಳೆದಿರಬೇಕು. ಹಿಂದಿನ ವರ್ಷವೂ ಅದೇ ಬ್ರಿಸ್ಬೇನ್‌ನಲ್ಲಿ ಸಾನಿಯಾ ಗೆದ್ದಿದ್ದರು. ಹಳೆಯ ಅಂಕ ಹೋಗಿ ಅಷ್ಟೇ ಹೊಸ ಅಂಕ ಬಂದಿತು. ಜೊತೆಗಾತಿಯ ಖಾತೆಯಲ್ಲಿ ಲಾಭವಾಯಿತು. ಪಕ್ಕದಲ್ಲಿ ನಿಂತು, ಒಂದೇ ಗೆಲುವನ್ನು ಹಂಚಿಕೊಂಡವರೇ ಮೇಲೇರಿ ಕುಳಿತರು. ನಾನು ಈ ಕಥೆ ಹೇಳಿದಾಗ ಮೊಮ್ಮಗಳು ಮೊದಲ ಬಾರಿಗೆ ನಕ್ಕಳು. "ಹಾಗಾದರೆ ಗೆದ್ದೂ ಕೆಳಗೆ ಹೋಗಬಹುದಾ ತಾತ?" ಎಂದಳು.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಒಂದನೆಯವರಾದದ್ದು 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ. ಅಷ್ಟು ವಯಸ್ಸಾದವರು ಯಾರೂ ಮೊದಲ ಸಲ ಆ ಸ್ಥಾನಕ್ಕೆ ಬಂದಿರಲಿಲ್ಲ. ಸಾನಿಯಾ ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್ ಫೈನಲ್, 2023ರ ಆಸ್ಟ್ರೇಲಿಯನ್ ಓಪನ್‌ನ ಮಿಶ್ರ ಡಬಲ್ಸ್, ಇವರ ಜೊತೆಯಲ್ಲಿಯೇ ನಡೆದದ್ದು.

ದಿನದ ವ್ಯಾಪಾರ, ಹಬ್ಬದ ವ್ಯಾಪಾರ

ವ್ಯಾಪಾರಿಗಳಲ್ಲಿ ಎರಡು ಬಗೆ. ದೀಪಾವಳಿ, ಮದುವೆ ಕಾಲದಲ್ಲಿ ದೊಡ್ಡ ವ್ಯಾಪಾರ ಮಾಡಿ ಉಳಿದ ದಿನ ಸುಮ್ಮನಿರುವವರು ಕೆಲವರು. ದಿನವೂ ಅಷ್ಟಿಷ್ಟು ಮಾರಿ ಗಲ್ಲಾಪೆಟ್ಟಿಗೆ ತುಂಬಿಸುವವರು ಕೆಲವರು. ಡೆನ್ಮಾರ್ಕಿನ ಕ್ಯಾರೊಲಿನ್ ವೊಜ್ನಿಯಾಕಿ ಎರಡನೆಯ ಬಗೆಯವರು. 2010ರ ಅಕ್ಟೋಬರ್‌ನಲ್ಲಿ ಒಂದನೆಯವರಾದಾಗ ಅವರ ಬಳಿ ಒಂದೂ ಗ್ರ್ಯಾಂಡ್ ಸ್ಲಾಮ್ ಇರಲಿಲ್ಲ. ಹನಿಗೂಡಿ ಹಳ್ಳ ಎಂಬಂತೆ ಸಣ್ಣ ದೊಡ್ಡ ಪಂದ್ಯಾವಳಿಗಳಲ್ಲಿ ತಪ್ಪದೆ ಆಡಿ ಗಳಿಸಿದ ಸ್ಥಾನ ಅದು. ಆದರೂ "ದೊಡ್ಡ ಪ್ರಶಸ್ತಿ ಇಲ್ಲದ ಒಂದನೇ ನಂಬರು" ಎಂದು ಜನ ಚುಚ್ಚುತ್ತಿದ್ದರು. ಮೇಲೆ ಹೋದವರಿಗೂ ನೆಮ್ಮದಿಯಿಲ್ಲ ನೋಡಿ. ಕೊನೆಗೆ 2018ರ ಜನವರಿಯಲ್ಲಿ ಅವರು ಆಸ್ಟ್ರೇಲಿಯನ್ ಓಪನ್ ಗೆದ್ದರು. ಎದುರಾಳಿ ರೊಮೇನಿಯದ ಸಿಮೋನಾ ಹಾಲೆಪ್. ಅವರದೂ ಅದೇ ಕಥೆ. ಒಂದನೇ ಸ್ಥಾನದಲ್ಲಿದ್ದರೂ ಗ್ರ್ಯಾಂಡ್ ಸ್ಲಾಮ್ ಇರಲಿಲ್ಲ. ಅಂದು ಸೋತು ಪ್ರಶಸ್ತಿ, ಸ್ಥಾನ ಎರಡನ್ನೂ ಕಳೆದುಕೊಂಡ ಹಾಲೆಪ್ ಐದೇ ತಿಂಗಳಲ್ಲಿ ಫ್ರೆಂಚ್ ಓಪನ್ ಗೆದ್ದರು.

ಪುಸ್ತಕದಲ್ಲಿ ತಪ್ಪಿದ ಪುಟ

ಲೆಕ್ಕ ಬರೆಯುವವರೂ ಮನುಷ್ಯರೇ. ಆಸ್ಟ್ರೇಲಿಯದ ಮೂಲನಿವಾಸಿ ಕುಟುಂಬದಲ್ಲಿ ಹುಟ್ಟಿದ ಇವಾನ್ ಗೂಲಗಾಂಗ್ ಅವರು 1976ರ ಏಪ್ರಿಲ್-ಮೇ ತಿಂಗಳಲ್ಲಿ ಎರಡು ವಾರ ಜಗತ್ತಿನ ಒಂದನೆಯವರಾಗಿದ್ದರು. ಆದರೆ ಅದು ಅವರಿಗೇ ಗೊತ್ತಿರಲಿಲ್ಲ! ಆ ಕಾಲದ ಕಾಗದಪತ್ರಗಳು ಕಳೆದು, ಪಟ್ಟಿ ಅಪೂರ್ಣವಾಗಿತ್ತು. 2007ರ ಡಿಸೆಂಬರ್‌ನಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ಕೂಡಿ ನೋಡಿದಾಗ ತಪ್ಪು ಹೊರಬಿತ್ತು. 31 ವರ್ಷಗಳ ನಂತರ ಅವರಿಗೆ ಆ ಗೌರವ ಸಂದಿತು.

ನನ್ನ ತಂದೆಯವರು ಹಳೆಯ ಖಾತೆ ಪುಸ್ತಕವನ್ನು ಎಂದೂ ಎಸೆಯಬೇಡ ಎನ್ನುತ್ತಿದ್ದುದು ನೆನಪಾಯಿತು. ಇನ್ನೂ ಒಂದು ಮಾತು ಹೊಳೆಯಿತು. ಆ ಮೂವತ್ತೊಂದು ವರ್ಷ ಆಕೆ ತಾನು ಒಂದನೆಯವಳಲ್ಲವೆಂದೇ ತಿಳಿದು ಬದುಕಿದರು. ಅದರಿಂದ ಆಕೆ ಆಡಿದ ಆಟಕ್ಕೆ ಏನಾದರೂ ಕಡಿಮೆಯಾಯಿತೆ? 1976ರಲ್ಲಿ ಆಕೆಯ ಆಟ ನೋಡಿ ಚಪ್ಪಾಳೆ ತಟ್ಟಿದವರು ಪಟ್ಟಿ ನೋಡಿ ತಟ್ಟಿದವರಲ್ಲ.

ಚೂರಿಯ ಕಥೆ

ಈಗ ಹೇಳುವುದು ಮನಸ್ಸಿಗೆ ನೋವು ತರುವ ಸಂಗತಿ. ಆದರೂ ಹೇಳದಿದ್ದರೆ ಲೇಖನ ಪೂರ್ತಿಯಾಗುವುದಿಲ್ಲ.

ಆಗಿನ ಯುಗೊಸ್ಲಾವಿಯದಲ್ಲಿ ಹುಟ್ಟಿದ ಮೋನಿಕಾ ಸೆಲೆಸ್ 1991ರ ಮಾರ್ಚ್‌ನಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಕೆಳಗಿಳಿಸಿ ಒಂದನೆಯವರಾದರು. ಅದಕ್ಕೆ ಮುಂಚೆ ಗ್ರಾಫ್ 186 ವಾರ ಬಿಡದೆ ಅಲ್ಲಿದ್ದರು. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪಂದ್ಯದ ನಡುವೆ ಸೆಲೆಸ್ ಕುರ್ಚಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಾಗ, ಪ್ರೇಕ್ಷಕರ ಸಾಲಿನಿಂದ ಬಂದ ಒಬ್ಬ ಬೆನ್ನಿಗೆ ಚೂರಿ ಹಾಕಿದ. ಆಕೆಗೆ ಆಗ ಹತ್ತೊಂಬತ್ತು ವರ್ಷ. ಎಂಟು ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದರು. ಚೂರಿ ಹಾಕಿದವನಿಗೆ ಆಕೆಯ ಮೇಲೆ ಬೇರೆ ಯಾವ ದ್ವೇಷವೂ ಇರಲಿಲ್ಲ. ಅವನು ಗ್ರಾಫ್ ಅವರ ಅಭಿಮಾನಿ. ತನ್ನ ಮೆಚ್ಚಿನ ಆಟಗಾರ್ತಿ ಮತ್ತೆ ಒಂದನೇ ನಂಬರಾಗಬೇಕು, ಅಷ್ಟೇ ಅವನ ಆಸೆ.

ಇದರಲ್ಲಿ ಗ್ರಾಫ್ ಅವರ ತಪ್ಪೇನೂ ಇಲ್ಲ. ಅವರು ಆಸ್ಪತ್ರೆಗೆ ಹೋಗಿ ಸೆಲೆಸ್ ಅವರನ್ನು ಕಂಡು ಬಂದರು. ಆದರೆ ಖಾತೆ ಪುಸ್ತಕಕ್ಕೆ ಕರುಣೆ ಎಲ್ಲಿಂದ ಬರಬೇಕು? ಹಾಸಿಗೆ ಹಿಡಿದವರ ಅಂಕಗಳು ಒಂದೊಂದಾಗಿ ಅಳಿಸುತ್ತ ಹೋದವು. ಸೆಲೆಸ್ ಗುಣವಾಗಿ ಬರುವವರೆಗೆ ಅವರ ಸ್ಥಾನ ಕಾಯ್ದಿಡೋಣವೆ ಎಂಬ ಪ್ರಶ್ನೆ ಪ್ರಮುಖ ಆಟಗಾರ್ತಿಯರ ಮುಂದೆ ಬಂದಾಗ ಅವರು ಒಪ್ಪಲಿಲ್ಲ. ಅರ್ಜೆಂಟೀನದ ಗೇಬ್ರಿಯೆಲಾ ಸಬಾಟಿನಿ ಒಬ್ಬರು ಮಾತ್ರ ಅವರ ಜೊತೆ ಮತ ಹಾಕಲಿಲ್ಲ. 1993ರ ಜೂನ್‌ನಲ್ಲಿ ಗ್ರಾಫ್ ಮತ್ತೆ ಒಂದನೆಯವರಾದರು. ಚೂರಿ ಹಿಡಿದವನ ಆಸೆ ಈಡೇರಿತು. ನ್ಯಾಯಾಲಯ ಅವನಿಗೆ ಕೊಟ್ಟದ್ದು ಎರಡು ವರ್ಷದ ಅಮಾನತು ಶಿಕ್ಷೆ. ಅಂದರೆ ಅವನು ಮನೆಗೆ ಹೋದ. ಸೆಲೆಸ್ ಜರ್ಮನಿಯಲ್ಲಿ ಮತ್ತೆಂದೂ ಆಡಲಿಲ್ಲ.

ಎರಡು ವರ್ಷಕ್ಕೂ ಮಿಕ್ಕಿ ಆಟದಿಂದ ದೂರವಿದ್ದ ಸೆಲೆಸ್ 1995ರ ಆಗಸ್ಟ್‌ನಲ್ಲಿ ಮರಳಿ ಬಂದರು. ಆಗ ಸಂಘದವರು ಗ್ರಾಫ್ ಜೊತೆ ಸೆಲೆಸ್ ಅವರಿಗೂ ಒಂದನೇ ಸ್ಥಾನವನ್ನು ಜಂಟಿಯಾಗಿ ಕೊಟ್ಟರು. 1996ರ ಆರಂಭದಲ್ಲಿ ಅವರು ಆಸ್ಟ್ರೇಲಿಯನ್ ಓಪನ್ ಗೆದ್ದರು. ಅದೇ ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್ ಆಯಿತು. ಬೆನ್ನಿನ ಗಾಯ ಬೇಗ ಮಾಯಿತು, ಮನಸ್ಸಿನದು ಮಾಯಲು ಬಹಳ ವರ್ಷ ಹಿಡಿಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಡಿದವರಿಬ್ಬರೂ ಕೈಯಲ್ಲಿ ಚೂರಿ ಹಿಡಿಯಲಿಲ್ಲ. ಹಿಡಿದವನು ಹೊರಗೆ ಕುಳಿತು ನೋಡುತ್ತಿದ್ದವನು. ಯಾರದೋ ನಂಬರಿನ ಮೇಲೆ ತನ್ನ ಅಭಿಮಾನವನ್ನೆಲ್ಲ ಕಟ್ಟಿಕೊಂಡವನು.

ತಾವಾಗಿ ಇಳಿದವರು

ಇದಕ್ಕೆ ತೀರ ಬೇರೆಯಾದ ಇಬ್ಬರನ್ನೂ ಕಂಡೆ. ಬೆಲ್ಜಿಯಂನ ಜಸ್ಟಿನ್ ಹೆನಿನ್ 2008ರ ಮೇ 14ರಂದು, ಇಪ್ಪತ್ತೈದನೇ ವಯಸ್ಸಿನಲ್ಲಿ, ಒಂದನೇ ಸ್ಥಾನದಲ್ಲಿದ್ದಾಗಲೇ ಆಟ ಬಿಟ್ಟರು. ಆಮೇಲೆ 2010ರಲ್ಲಿ ಮರಳಿ ಬಂದರು, ಅದು ಬೇರೆ ಮಾತು. ಆ ಖಾಲಿ ಕುರ್ಚಿಗಾಗಿ ಅದೇ ವರ್ಷ ಶರಪೋವಾ, ಇವಾನೊವಿಚ್, ಯಾಂಕೊವಿಚ್, ಸೆರೆನಾ ನಾಲ್ವರೂ ಒಬ್ಬರ ಹಿಂದೊಬ್ಬರು ಕುಳಿತೆದ್ದರು. ಯಾಂಕೊವಿಚ್ ಮೊದಲ ಸಲ ಕುಳಿತದ್ದು ಒಂದೇ ವಾರ!

ಇನ್ನೊಬ್ಬರು ಆಸ್ಟ್ರೇಲಿಯದ ಆಶ್ಲಿ ಬಾರ್ಟಿ. ಗೂಲಗಾಂಗ್ ಅವರಂತೆ ಇವರದೂ ಮೂಲನಿವಾಸಿ ಬೇರು. ಹದಿಹರೆಯದಲ್ಲಿಯೇ ಹೆಸರು ಮಾಡಿ, ಒತ್ತಡ ತಾಳದೆ 2014ರಲ್ಲಿ ಟೆನಿಸ್ ಬಿಟ್ಟು, ಸ್ವಲ್ಪ ಕಾಲ ಕ್ರಿಕೆಟ್ ಆಡಿದರು. 2016ರಲ್ಲಿ ಹಿಂತಿರುಗಿದರು. 2019ರ ಜೂನ್‌ನಲ್ಲಿ ಒಂದನೆಯವರಾದರು. ಒಟ್ಟು 121 ವಾರ ಅಲ್ಲಿದ್ದರು. 2022ರ ಜನವರಿಯಲ್ಲಿ ತಮ್ಮ ದೇಶದ ಆಸ್ಟ್ರೇಲಿಯನ್ ಓಪನ್ ಗೆದ್ದು, ಎರಡೇ ತಿಂಗಳಲ್ಲಿ, ಮಾರ್ಚ್ 23ರಂದು, ಇನ್ನು ಕೊಡಲು ನನ್ನಲ್ಲಿ ಏನೂ ಉಳಿದಿಲ್ಲ ಎಂಬ ಅರ್ಥದ ಮಾತು ಹೇಳಿ ನಿವೃತ್ತರಾದರು. ಆಗಲೂ ವಯಸ್ಸು ಇಪ್ಪತ್ತೈದೇ. ಪಟ್ಟಿಯಿಂದ ತಮ್ಮ ಹೆಸರು ತೆಗೆಯುವಂತೆ ತಾವೇ ಕೇಳಿಕೊಂಡರು. ಪೋಲೆಂಡಿನ ಇಗಾ ಶ್ವಿಯಾಂಟೆಕ್ ಏಪ್ರಿಲ್‌ನಲ್ಲಿ ಆ ಜಾಗಕ್ಕೆ ಬಂದರು. ಮುಂದೆ ಆ ಸ್ಥಾನ ಅವರ ಮತ್ತು ಬೆಲಾರುಸ್‌ನ ಅರೀನಾ ಸಬಲೆಂಕಾ ಅವರ ನಡುವೆ ಕೈ ಬದಲಾಯಿಸಿತು. 2024ರ ಅಕ್ಟೋಬರ್‌ನಲ್ಲಿ ಎರಡನೇ ಬಾರಿ ಏರಿದ ಸಬಲೆಂಕಾ 2025ರ ವರ್ಷವನ್ನೂ ಒಂದನೆಯವರಾಗಿಯೇ ಮುಗಿಸಿದರು.

ಗೆದ್ದ ಮೇಲೆ ಕೈಬಿಟ್ಟವರ ದೊಡ್ಡತನವನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಕ್ಕಳು ತೊಟ್ಟಿಲಲ್ಲಿಯೇ ಅಂಥದೊಂದು ಕಥೆ ಕೇಳಿ ಬೆಳೆದವರು.

ನನ್ನ ತಪ್ಪು

ಈಗ ಕೊನೆಯ ಮಾತು. ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ.

ಮೊಮ್ಮಗಳ ನಂಬರು ಮೇಲೇರುತ್ತಿದ್ದ ಕಾಲದಲ್ಲಿ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳುತ್ತಿದ್ದವನು ನಾನು. ಕೊಳಗ ಕೊಳ್ಳಲು ಬಂದವರೂ ಕೇಳಬೇಕು, ಬೆಲೆ ಕೇಳಿ ಹೋಗುವವರೂ ಕೇಳಬೇಕು. ಮದುವೆ ಮನೆಗಳಲ್ಲಿಯೂ ಅದೇ ಮಾತು. ನಂಬರು ಜಾರಿದ ಮೇಲೆ ನನಗೆ ತಿಳಿಯದಂತೆಯೇ ಆ ಮಾತು ನಿಂತುಹೋಗಿತ್ತು. ದಸರಾ ರಜೆಯಲ್ಲಿ ಅವಳು ಅಂಗಡಿಗೆ ಬಂದು ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಹಳೆಯ ಗಿರಾಕಿಯೊಬ್ಬರು ಬಂದು ಹೋದರು. ಅವರು ಹೋದ ಮೇಲೆ ಮೆಲ್ಲಗೆ ಕೇಳಿದಳು: "ತಾತ, ಈಗ ಯಾಕೆ ನನ್ನ ವಿಷಯ ಯಾರಿಗೂ ಹೇಳಲ್ಲ?"

ಆ ಪ್ರಶ್ನೆ ಎದೆಗೆ ನಾಟಿತು. ಅಂದು ಊಟ ಬಿಟ್ಟು ಅತ್ತದ್ದು ಬರೀ ಪಟ್ಟಿಗಾಗಿ ಅಲ್ಲ, ತಾತನ ಮುಖದಲ್ಲಿ ಏನು ಕಾಣುತ್ತದೋ ಎಂಬ ಹೆದರಿಕೆಗೂ ಎಂದು ಆಗ ತಿಳಿಯಿತು. ಹ್ಯಾಂಬರ್ಗಿನ ಆ ಮನುಷ್ಯನನ್ನು ಬಯ್ದುಕೊಂಡವನು ನಾನು. ಅವನ ಪಾಪ ಎಲ್ಲಿ, ನನ್ನ ಹುಚ್ಚು ಎಲ್ಲಿ! ಆದರೂ ಹೊರಗೆ ಕುಳಿತು, ಬೇರೆಯವರ ನಂಬರಿನಲ್ಲಿ ನನ್ನ ಹೆಮ್ಮೆಯನ್ನು ಹುಡುಕುವ ಕೆಲಸವನ್ನು ನಾನೂ ಮಾಡಿದ್ದೆ.

ಆ ದಿನಗಳಲ್ಲಿ ಅಳಿಯಂದಿರು ಅವಳ ಶಾಲೆ ಬಿಡಿಸಿ, ಸಾಲ ಮಾಡಿಯಾದರೂ ಬೆಂಗಳೂರಿನಲ್ಲಿ ಪೂರ್ತಿ ತರಬೇತಿಗೆ ಸೇರಿಸುವ ಯೋಚನೆಯಲ್ಲಿದ್ದರು. ನಾನು, ಮಗಳು, ಅಳಿಯಂದಿರು ಮೂವರೂ ಕುಳಿತು ಮಾತಾಡಿದೆವು. ಮಾತು ಸ್ವಲ್ಪ ಬಿಸಿಯೂ ಆಯಿತು. ಕೊನೆಗೆ ಅವಳನ್ನೇ ಕರೆದು ಕೇಳಿದೆವು. "ಆಡ್ತೀನಿ. ಆದರೆ ಶಾಲೆ ಬಿಡಲ್ಲ. ಪಟ್ಟಿ ಬಂದ ದಿನ ಯಾರೂ ನನ್ನ ಮುಖ ನೋಡಬೇಡಿ" ಎಂದಳು. ಹತ್ತನೇ ತರಗತಿ ಮುಗಿಯುವವರೆಗೆ ಹಾಗೆಯೇ ನಡೆಯಲಿ ಎಂದು ಎಲ್ಲರೂ ಒಪ್ಪಿದೆವು.

ತಂದೆತಾಯಿಯರಲ್ಲಿ, ನನ್ನಂಥ ತಾತಂದಿರಲ್ಲಿ ನನ್ನದೊಂದು ವಿನಂತಿ. ಟೆನಿಸ್ ಇರಲಿ, ಹತ್ತನೇ ತರಗತಿಯ ರ‍್ಯಾಂಕ್ ಇರಲಿ, ಮಗು ದುಡಿದು ಗಳಿಸಿದ ಸ್ಥಾನಕ್ಕೆ ಸಂತೋಷಪಡಿ, ಸಿಹಿ ಹಂಚಿ. ಆದರೆ ಅದು ವಾರದ ಬಾಡಿಗೆ ಮನೆ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಖಾಲಿ ಮಾಡಿ ಬಂದಾಗ ಸ್ವಂತ ಮನೆಯ ಬಾಗಿಲು ತೆರೆದಿರಬೇಕು. ಅದನ್ನು ತೆರೆದಿಡುವ ಕೆಲಸ ನಮ್ಮದು.

ಕಳೆದ ಭಾನುವಾರ ಅವಳು ಸೇಲಂನಲ್ಲಿ ಆಡಿ ಎರಡನೇ ಸುತ್ತಿನಲ್ಲಿ ಸೋತು ಬಂದಳು. ಸಂಜೆ ಫೋನಿನಲ್ಲಿ ನಾನು ನಂಬರು ಕೇಳಲಿಲ್ಲ. "ಎದುರು ಆಡಿದ ಹುಡುಗಿ ಹೇಗಿದ್ದಳಮ್ಮಾ?" ಎಂದೆ. ಅರ್ಧ ಗಂಟೆ ಬಿಡದೆ ಮಾತಾಡಿದಳು. ಮರುದಿನ ಅಂಗಡಿಗೆ ಬಂದ ಮೊದಲ ಗಿರಾಕಿಗೆ ಅಷ್ಟನ್ನೂ ಹೇಳಿದೆ.